ಶೆಡ್ಡಿನಲ್ಲೇ ರೇಸ್ ಟ್ರಕ್ ಕಟ್ಟುವುದಾದರೆ ಮೊದಲು ಚಕ್ರ ಇಡಿ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಕಾಫಿ ತೋಟ. ಪಲ್ಪರ್ ಶೆಡ್ಡಿನ ಪಕ್ಕ ಸಾಕಷ್ಟು ಜಾಗವಿದೆ, ಮಿಗ್ ವೆಲ್ಡಿಂಗ್ ಯಂತ್ರವಿದೆ, ಗೆಳೆಯನ ಬಳಿ ಲೇತ್ ಇದೆ. ಪಲ್ಟಿ ಹೊಡೆದು ಬಾಡಿ ಹಾಳಾದ 2.5 ಲೀಟರ್ ಡೀಸೆಲ್ ಇನ್ನೋವಾ ಒಂದು ಗುಜರಿ ಬೆಲೆಗೆ ಸಿಕ್ಕಿದೆ. ಮೆಕ್ಸಿಕೋದ ಬಾಹಾ ರೇಸ್‌ಗಳಲ್ಲಿ ಓಡುವಂಥ, ಪೈಪಿನ ಚಾಸಿಯ ಟ್ರಕ್ ಒಂದನ್ನು ಅದರ ಸಾಮಾನಿನಿಂದ ಕಟ್ಟುವ ಆಸೆ. ಎಂಜಿನ್, ಗೇರ್‌ಬಾಕ್ಸ್ ಕೂರಿಸಿ ಸುತ್ತ ಕೇಜ್ (ಪೈಪಿನ ಪಂಜರ) ಕಟ್ಟುತ್ತ ಹೋಗಲೇ? ಪೈಪು ಯಾವ ಅಳತೆಯದು ಬೇಕು? ಮಿನಿ ಲಾರಿಯ ಶಾಕ್ ಅಬ್ಸಾರ್ಬರ್ ಸಾಕಾಗುತ್ತದೆಯೇ?

ಉತ್ತರ: ಎಂಜಿನ್ ಸುತ್ತ ಕೇಜ್ ಕಟ್ಟಲು ಹೊರಟರೆ ಆರು ತಿಂಗಳಾದ ಮೇಲೆ ಅರ್ಧ ಕೇಜ್ ಕತ್ತರಿಸುತ್ತೀರಿ. ಚಕ್ರ 40 ಸೆಂಟಿಮೀಟರ್ ಮೇಲೆ ಕೆಳಗೆ ಓಡಾಡುವ ಗಾಡಿ ಇದು. ಟೈರು, ಆರ್ಮು (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು), ಶಾಕ್, ಹಿಂದಿನ ಆಕ್ಸಲ್ಲಿಗೆ ಬಲ ಒಯ್ಯುವ ಜಾಯಿಂಟ್ ಶಾಫ್ಟು ಎಲ್ಲಕ್ಕೂ ತಿರುಗಾಡುವ ಜಾಗ ಬೇಕು. ಆ ಜಾಗಗಳನ್ನೆಲ್ಲ ಬಿಟ್ಟ ಮೇಲೆ ಉಳಿದಲ್ಲಿ ಪೈಪು ಹಾಯಬೇಕು, ಪೈಪು ಬಿಟ್ಟಲ್ಲಿ ಎಂಜಿನ್ ಕೂರಬೇಕು. ಟೈರು, ಚಲನೆ, ಆರ್ಮು, ಶಾಕ್, ಚಾಸಿ, ಕೊನೆಗೆ ಎಂಜಿನ್: ಈ ಕ್ರಮ ಬಿಡಬೇಡಿ. ಎಂಜಿನನ್ನು 50 ಮಿ.ಮೀ. ಹಿಂದಕ್ಕೆ ಸರಿಸುವುದು ಒಂದು ದಿನದ ಕೆಲಸ, ಆರ್ಮಿನ ಪಿವಟ್ (ಅದು ತಿರುಗುವ ಕೀಲು) ಅಷ್ಟೇ ಸರಿಸಬೇಕೆಂದರೆ ಇಡೀ ಮುಂಭಾಗ ಹೊಸದು.

ಮೊದಲು ಯಾವ ಸ್ಪರ್ಧೆಗೆ ಎಂದು ತೀರ್ಮಾನಿಸಿ. ನಮ್ಮಲ್ಲಿ ‘ಆಫ್‌ರೋಡ್’ ಎಂದು ನಡೆಯುವ ಬಹುತೇಕ ಸ್ಪರ್ಧೆಗಳು ಕೆಸರು, ಕೊರಕಲು, ವಿಂಚ್ ಎಳೆತದವು. 2014ರಿಂದ ಗೋವಾದಲ್ಲಿ ನಡೆಯುತ್ತ ಬಂದಿರುವ ರೈನ್‌ಫಾರೆಸ್ಟ್ ಚಾಲೆಂಜ್ ಆ ಜಾತಿಯದು. ಅಲ್ಲಿ ಫೋರ್ ವೀಲ್ ಡ್ರೈವ್ ಇಲ್ಲದ ಗಾಡಿಗೆ ಕೆಲಸವಿಲ್ಲ. 1967ರಲ್ಲಿ ತಿಹ್ವಾನಾದಿಂದ ಲಾಪಾಸ್‌ವರೆಗೆ ಶುರುವಾದ ಬಾಹಾ ರೇಸ್ ವೇಗದ ಓಟ. ಅಲ್ಲಿನ ಟ್ರಕ್ಕುಗಳು ಬಹುಕಾಲ ಹಿಂಚಕ್ರದ ಬಲದಲ್ಲೇ ಓಡಿದವು. ನಿಮ್ಮ ಇನ್ನೋವಾ ಹಿಂಚಕ್ರದ ಗಾಡಿಯಾದ್ದರಿಂದ ರಾಜಸ್ಥಾನದ ಕಡೆಯ ಕ್ರಾಸ್‌ಕಂಟ್ರಿ ರ್‍ಯಾಲಿಗಳಂಥ ವೇಗದ ಓಟವೇ ಅದಕ್ಕೆ ಹೊಂದುವ ಗುರಿ. ಸ್ಪರ್ಧೆಯ ಸಪ್ಲಿಮೆಂಟರಿ ರೆಗ್ಯುಲೇಶನ್ಸ್ (ಆ ಸ್ಪರ್ಧೆಯದೇ ನಿಯಮಗಳು) ತರಿಸಿ, ಪೈಪಿನ ಚಾಸಿಯ ಗಾಡಿಗೆ ಯಾವ ಕ್ಲಾಸು, ಕೇಜ್‌ಗೆ ಯಾವ ಅಳತೆ ಎಂಬುದನ್ನು ದೇಶದ ಮೋಟಾರ್ ಕ್ರೀಡೆ ನೋಡಿಕೊಳ್ಳುವ ಎಫ್‌ಎಂಎಸ್‌ಸಿಐ ಪರವಾನಗಿಯ ಸ್ಕ್ರೂಟಿನಿಯರ್ (ರೇಸ್ ಗಾಡಿ ತಪಾಸಕ) ಒಬ್ಬರಿಂದ ಮೊದಲೇ ಖಚಿತ ಮಾಡಿಕೊಳ್ಳಿ. ನಕ್ಷೆ ತೋರಿಸಿ ಕೇಳಿದರೆ ಹೇಳುತ್ತಾರೆ. ಕಟ್ಟಿ ಮುಗಿಸಿ ಒಯ್ದರೆ ‘ಆಗಲ್ಲ’ ಅನ್ನದೆ ಅವರಿಗೂ ಬೇರೆ ದಾರಿ ಇರುವುದಿಲ್ಲ.

ಇದು ರಸ್ತೆಗಿಳಿಯುವ ಗಾಡಿಯಲ್ಲ, ಅದೂ ಗೊತ್ತಿರಲಿ. ಆರ್‌ಸಿಯಲ್ಲಿರುವ ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ತೋಟದಿಂದ ಹೊರಗೆ ಹೋಗುವಾಗಲೆಲ್ಲ ಲಾರಿಯ ಮೇಲೋ ಟ್ರೇಲರ್ ಮೇಲೋ ಹೋಗಬೇಕು. ಗುಜರಿ ಇನ್ನೋವಾದ ಆರ್‌ಸಿ ರದ್ದಾದ ಪತ್ರ, ಎಂಜಿನ್ ಮತ್ತು ಚಾಸಿ ನಂಬರ್ ಇರುವ ಖರೀದಿ ರಸೀದಿ ಜೋಪಾನ ಮಾಡಿ.

ಇನ್ನು ಟೈರು. ಎಲ್ಲರ ಕಣ್ಣೂ 31 ಇಂಚಿನ ಟೈರಿನ ಮೇಲೆ. ನಿಮ್ಮ 2494 ಸಿಸಿ ಎಂಜಿನ್ ಕೊಡುವುದು ಸುಮಾರು 102 ಕುದುರೆಶಕ್ತಿ, 200 ನ್ಯೂಟನ್ ಮೀಟರ್ ಟಾರ್ಕ್. ಇನ್ನೋವಾದ 205/65 ಆರ್15 ಟೈರಿನ ವ್ಯಾಸ 648 ಮಿ.ಮೀ., 31 ಇಂಚಿನದು 787. ಅಂದರೆ ಗೇರು ಶೇ 21ರಷ್ಟು ಉದ್ದವಾದ ಹಾಗೆ. ಮೊದಲನೇ ಗೇರಿನಲ್ಲೇ ಕ್ಲಚ್ ಸುಡುತ್ತೀರಿ. 235/75 ಆರ್15 ಹಾಕಿದರೆ ವ್ಯಾಸ 733, ಹೆಚ್ಚಳ ಶೇ 13 ಮಾತ್ರ. 31 ಇಂಚಿನದನ್ನು ಬಿಟ್ಟುಕೊಟ್ಟದ್ದಕ್ಕೆ ಕಳೆದುಕೊಳ್ಳುವ ನೆಲದೆತ್ತರ ಬರೀ 27 ಮಿ.ಮೀ. ಮೇಲಾಗಿ ಒಂದೊಂದು ಚಕ್ರದಲ್ಲೂ ಹಲವು ಕೆಜಿ ತೂಕ ಉಳಿತಾಯ, ಅದೂ ಶಾಕ್ ಹೊರಬೇಕಾದ ತೂಕ. ಮೊದಲ ಟ್ರಕ್ಕಿಗೆ 235/75 ಸಾಕು. ಹಿಂದಿನ ಆಕ್ಸಲ್ಲಿನಲ್ಲಿ ಈಗಿರುವ ಗೇರು ಜೋಡಿ, ಅಂದರೆ ಕ್ರೌನ್-ಪಿನಿಯನ್ ಹಲ್ಲು ಎಣಿಸಿ ಅನುಪಾತ ತೆಗೆದು 1.13ರಿಂದ ಗುಣಿಸಿ. ಅಷ್ಟು ಅನುಪಾತದ ಸೆಟ್ ಸಿಕ್ಕಿದರೆ ಮೂಲ ಎಳೆತ ವಾಪಸ್ ಬರುತ್ತದೆ.

ಶೆಡ್ಡಿನ ನೆಲ ರಸಮಟ್ಟದಲ್ಲಿದೆಯೇ ನೋಡಿ. ಇಲ್ಲದಿದ್ದರೆ ಎರಡು ಉದ್ದನೆಯ ಐ-ಬೀಮ್ ಹಾಕಿ ಅವನ್ನೇ ಮಟ್ಟ ಮಾಡಿಕೊಳ್ಳಿ. ನಡುವೆ ದಾರ ಎಳೆದು ಮಧ್ಯರೇಖೆ ಕೊರೆಯಿರಿ, ಸೀಮೆಸುಣ್ಣ ಎರಡೇ ದಿನಕ್ಕೆ ಅಳಿಸಿಹೋಗುತ್ತದೆ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ಅಂತರ) 2,900 ಮಿ.ಮೀ. ಇಡಿ, ಇನ್ನೋವಾದ 2,750ಕ್ಕಿಂತ ತುಸು ಉದ್ದ. ಉದ್ದನೆಯ ಗಾಡಿ ಸಾಲು ಹಳ್ಳಗಳ ಮೇಲೆ ಕಡಿಮೆ ತೊಯ್ದಾಡುತ್ತದೆ. ಮುಂದಿನ ಟ್ರ್ಯಾಕನ್ನು (ಎಡ, ಬಲ ಚಕ್ರಗಳ ಅಂತರ) ಪ್ರತಿ ಬದಿಗೆ 90 ಮಿ.ಮೀ. ಅಗಲಿಸಿ. ಹಿಂದಿನ ಆಕ್ಸಲ್ ಇದ್ದ ಹಾಗೇ ಇರಲಿ, ಹಿಂಭಾಗ ಕಿರಿದಾದರೆ ತೊಂದರೆಯಿಲ್ಲ. ನಾಲ್ಕೂ ಟೈರುಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಿ, ನಡುವೆ ಸೀಟು ಇಟ್ಟು ಕೂತು ನೋಡಿ. ಟ್ರಕ್ಕಿನ ಅಳತೆ ಕಣ್ಣಿಗೆ ಬೀಳುವುದು ಆಗಲೇ.

ತೂಕದ ಗುರಿ ಚಾಲಕ, ಡೀಸೆಲ್, ಎರಡು ಸ್ಟೆಪ್ನಿ ಸೇರಿ 1,500 ಕೆಜಿ, ಅದರಲ್ಲಿ ಶೇ 55 ಹಿಂದೆ. ಇನ್ನು ಮುಂದಿನ ಲೆಕ್ಕವೆಲ್ಲ ಇದರ ಮೇಲೆ. ಸ್ಪ್ರಿಂಗ್ ಕೊಳ್ಳುವ ಮೊದಲು ನಾಲ್ಕು ಚಕ್ರದಡಿಯೂ ತೂಗಿ ಲೆಕ್ಕ ತಿದ್ದಿಕೊಳ್ಳಬೇಕು.

ಹಿಂದಿನ ಚಕ್ರಕ್ಕೆ 400 ಮಿ.ಮೀ. ಚಲನೆ ಕೊಡೋಣ: ನಿಂತ ಎತ್ತರದಿಂದ 250 ಮೇಲಕ್ಕೆ, 150 ಕೆಳಕ್ಕೆ. ಬಾಹಾದ ಟ್ರೋಫಿ ಟ್ರಕ್ಕುಗಳಲ್ಲಿ ಇದು 750 ಮಿ.ಮೀ. ಮೀರುತ್ತದೆ, ಆದರೆ ಅಷ್ಟಕ್ಕೆ ಬೇಕಾದ ಆಕ್ಸಲ್, ಶಾಕ್, ಶಾಫ್ಟು ಬೇರೆಯದೇ ಲೋಕ. ಹಿಂದಿನ ಎರಡು ಚಕ್ರದ ಪಾಲು 825 ಕೆಜಿ, ಒಂದಕ್ಕೆ 412. ಅದರಲ್ಲಿ ಟೈರು, ಡ್ರಮ್ಮು, ಅರ್ಧ ಆಕ್ಸಲ್ ಹೌಸಿಂಗ್ ಸೇರಿ ಸ್ಪ್ರಿಂಗಿನ ಕೆಳಗಿರುವ ತೂಕ ಸುಮಾರು 90. ಸ್ಪ್ರಿಂಗ್ ಹೊರಬೇಕಾದದ್ದು 320 ಕೆಜಿ. ಈಗ ಗಾಡಿ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ತೂಗಾಡಬೇಕು ಎಂದು ಆರಿಸಬೇಕು. ವೇಗದ ಆಫ್‌ರೋಡ್ ಗಾಡಿಗೆ ಹಿಂದೆ 1.3, ಮುಂದೆ 1.2 ಒಳ್ಳೆಯ ಆರಂಭ. 250ನ್ನು ಈ ಸಂಖ್ಯೆಯ ವರ್ಗದಿಂದ ಭಾಗಿಸಿದರೆ, ಗಾಡಿಯ ತೂಕಕ್ಕೆ ಸ್ಪ್ರಿಂಗ್ ಚಕ್ರದ ಬಳಿ ಎಷ್ಟು ಮಿ.ಮೀ. ಅಮುಕಿಕೊಳ್ಳಬೇಕು ಎಂಬುದು ಸಿಗುತ್ತದೆ: 250 ಭಾಗಿಸು 1.69, ಸುಮಾರು 147 ಮಿ.ಮೀ. 320 ಕೆಜಿಗೆ 147 ಮಿ.ಮೀ. ಅಂದರೆ ಚಕ್ರದ ಬಳಿ ಒಂದು ಮಿ.ಮೀ.ಗೆ 2.2 ಕೆಜಿ. ನಾವು ಇಟ್ಟ ಇಳಿತ 150, ಸ್ಪ್ರಿಂಗ್ ಅಮುಕುವುದು 147. ಚಕ್ರ ಗಾಳಿಯಲ್ಲಿ ಪೂರ್ತಿ ಇಳಿದಾಗ ಸ್ಪ್ರಿಂಗ್ ಹೆಚ್ಚುಕಡಿಮೆ ಸಡಿಲವಾಗುತ್ತದೆ. ಎರಡು ಸಂಖ್ಯೆ ಹೀಗೆ ಒಂದಕ್ಕೊಂದು ಹತ್ತಿರ ಬಂದರೆ ಲೆಕ್ಕ ದಾರಿಯಲ್ಲಿದೆ ಎಂದರ್ಥ. ಇಳಿತ 250 ಇಟ್ಟು ಸ್ಪ್ರಿಂಗ್ 100 ಮಾತ್ರ ಅಮುಕುವಂತಿದ್ದರೆ ಕೊನೆಯ 150 ಮಿ.ಮೀ.ನಲ್ಲಿ ಚಕ್ರವನ್ನು ನೆಲಕ್ಕೆ ಒತ್ತುವವರೇ ಇರುವುದಿಲ್ಲ.

ಶಾಕನ್ನು ಆಕ್ಸಲ್ಲಿನ ಮೇಲೆ ಕೂರಿಸದೆ ಕೆಳಗಿನ ಟ್ರೇಲಿಂಗ್ ಆರ್ಮಿನ (ಚಾಸಿಯಿಂದ ಹಿಂದಕ್ಕೆ ಆಕ್ಸಲ್ಲಿಗೆ ಚಾಚಿದ ತೋಳಿನ) ಮೇಲೆ, ಪಿವಟ್‌ನಿಂದ 0.7ರಷ್ಟು ದೂರದಲ್ಲಿ ಕೂರಿಸಿ. 950 ಮಿ.ಮೀ. ಆರ್ಮಿಗೆ ಅದು 665 ಮಿ.ಮೀ. ಆಗ ಚಕ್ರ 400 ಹೋದರೆ ಶಾಕ್ 280 ಹೋಗುತ್ತದೆ, 12 ಇಂಚು ಸ್ಟ್ರೋಕಿನ ಶಾಕ್ ಸರಿಹೋಗುತ್ತದೆ. ಆದರೆ ಸ್ಪ್ರಿಂಗ್ ಗಟ್ಟಿಯಿರಬೇಕು: 2.2ನ್ನು 0.7ರ ವರ್ಗದಿಂದ, ಅಂದರೆ 0.49ರಿಂದ ಭಾಗಿಸಿದರೆ ಸುಮಾರು 4.45 ಕೆಜಿ. ಅಂಗಡಿಯ ಭಾಷೆಯಲ್ಲಿ ಇಂಚಿಗೆ 250 ಪೌಂಡಿನ ಸ್ಪ್ರಿಂಗ್. ವರ್ಗ ಮಾಡುವುದನ್ನು ಮರೆತು 0.7ರಿಂದ ಒಂದೇ ಸಲ ಭಾಗಿಸಿ ಮೆತ್ತನೆಯ ಸ್ಪ್ರಿಂಗ್ ತರಿಸುವುದು ಪದೇಪದೇ ಆಗುವ ತಪ್ಪು. ಶಾಕ್ 20 ಡಿಗ್ರಿ ವಾಲಿದ್ದರೆ 0.7 ಇದ್ದದ್ದು 0.66 ಆಗುತ್ತದೆ, ಲೆಕ್ಕ ಮತ್ತೆ ಮಾಡಬೇಕು. ಮುಂದೆಯೂ ಇದೇ ದಾರಿ: ಹೊರಬೇಕಾದ 285 ಕೆಜಿಗೆ 173 ಮಿ.ಮೀ., ಅಂದರೆ ಚಕ್ರದ ಬಳಿ ಮಿ.ಮೀ.ಗೆ 1.65 ಕೆಜಿ.

ನಿಮ್ಮ ಇನ್ನೋವಾದ ಹಿಂಭಾಗದಲ್ಲಿ ಕಾಯಿಲ್ ಸ್ಪ್ರಿಂಗ್, ನಾಲ್ಕು ಲಿಂಕು, ಒಂದು ಅಡ್ಡ ರಾಡ್ ಇವೆ. ಅಡ್ಡ ರಾಡ್ ಉಳಿಸಿಕೊಂಡರೆ ಇಷ್ಟು ದೊಡ್ಡ ಚಲನೆಯಲ್ಲಿ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ. ಅದನ್ನು ತೆಗೆದು ಮೇಲಿನ ಎರಡು ಲಿಂಕುಗಳನ್ನು ‘ವಿ’ ಆಕಾರದಲ್ಲಿ ಕೂರಿಸಿ, ಉದ್ದ ಕೆಳಗಿನ ಆರ್ಮಿನ ಶೇ 70ರಷ್ಟಿರಲಿ. ಮೇಲಿನಿಂದ ನೋಡಿದಾಗ ಎರಡರ ನಡುವೆ ಕನಿಷ್ಠ 40 ಡಿಗ್ರಿ ಕೋನ ಬೇಕು. ಕಡಿಮೆಯಾದರೆ ತಿರುವಿನಲ್ಲಿ ಹಿಂಭಾಗ ಹಾವಿನಂತೆ ಹೊರಳುತ್ತದೆ. ಕೆಳಗಿನ ಆರ್ಮನ್ನು 4 ಮಿ.ಮೀ. ಪ್ಲೇಟಿನಿಂದ ಪೆಟ್ಟಿಗೆಯಂತೆ ಕಟ್ಟಿ. ಶಾಕ್ ಅದರ ನಡುವೆ ಒತ್ತುವುದರಿಂದ ಬರೀ ಪೈಪ್ ಆದರೆ ಬಾಗುತ್ತದೆ. ಲಿಂಕಿನ ತುದಿಗೆ ಟ್ರ್ಯಾಕ್ಟರಿನ ಟಾಪ್ ಲಿಂಕ್ ಕತ್ತರಿಸಿ ಹಾಕುವ ಜಾಣತನ ನಮ್ಮ ಕಡೆ ಚಾಲ್ತಿಯಲ್ಲಿದೆ. ಅದರ ಗುಂಡು ನೇಗಿಲು ಎತ್ತಲೆಂದು ಸಡಿಲವಾಗಿಯೇ ಮಾಡಿದ್ದು. ನೂರು ಕಿಲೋಮೀಟರಿಗೆ ಲೊಡಲೊಡ. ಚಾಸಿ ಕಡೆ ದಪ್ಪ ರಬ್ಬರ್ ಅಥವಾ ಪಾಲಿಯುರೆಥೇನ್ ಬುಶ್, ಆಕ್ಸಲ್ ಕಡೆ ಒಳ್ಳೆಯ ರಾಡ್ ಎಂಡ್ (ತುದಿಯಲ್ಲಿ ಗುಂಡು ಕೀಲಿರುವ ಜೋಡು) ಹಾಕಿ. ಮಲೆನಾಡಿನ ಕೆಸರಿನಲ್ಲಿ ಎರಡೂ ಕಡೆ ರಾಡ್ ಎಂಡ್ ಬಾಳುವುದಿಲ್ಲ. ಬೋಲ್ಟ್ 10.9 ಗ್ರೇಡಿನದು, ಎರಡು ಕಿವಿಗಳ (ಬೋಲ್ಟ್ ಹಿಡಿಯುವ ತೂತಿನ ಪ್ಲೇಟುಗಳ) ನಡುವೆ ಹಾಯಬೇಕು, ಕಿವಿಯೊಳಗೆ ಥ್ರೆಡ್ ಬರದೆ ನುಣುಪು ಭಾಗ ಬರುವಷ್ಟು ಉದ್ದ ಆರಿಸಿ. ಒಂದೇ ಕಿವಿಗೆ ಹೊರಚಾಚಿ ಕೂರಿಸಿದ ಬೋಲ್ಟು ಮುರಿಯುವುದು ಖಂಡಿತ.

ಹಾರಿ ಇಳಿದಾಗ ಆಕ್ಸಲ್ ಹೌಸಿಂಗ್ ನಡುವೆ ಬಾಗುತ್ತದೆ. ಮೇಲಿನಿಂದ ಪೈಪಿನ ಸೇತುವೆ ಕಟ್ಟಿ ಬಲಪಡಿಸಬೇಕು. ಆದರೆ ಅದೇ ವೆಲ್ಡಿಂಗ್ ಶಾಖಕ್ಕೆ ಹೌಸಿಂಗ್ ಬಾಳೆಹಣ್ಣಿನಂತೆ ಆಗಬಹುದು. 25 ಮಿ.ಮೀ. ಬೆಸುಗೆ ಹಾಕಿ, ಎದುರು ಬದಿಗೆ ಹೋಗಿ, ಕೈ ಇಡುವಷ್ಟು ಆರಿದ ಮೇಲೆ ಮತ್ತೆ ಬನ್ನಿ. ಮುಗಿದ ಮೇಲೆ ಆಕ್ಸಲ್ ಶಾಫ್ಟನ್ನು ಕೈಯಿಂದಲೇ ತಳ್ಳಿ ನೋಡಿ: ಸ್ಪ್ಲೈನ್ (ತುದಿಯ ಉದ್ದುದ್ದ ಹಲ್ಲುಗಳು) ಸುತ್ತಿಗೆ ಏಟಿಲ್ಲದೆ ಕೂತರೆ ನೇರವಿದೆ. ಈ ಆಕ್ಸಲ್ಲಿನಲ್ಲಿ ಚಕ್ರ ನಿಂತಿರುವುದು ಶಾಫ್ಟಿನ ಮೇಲೇ. ಶಾಫ್ಟು ತುಂಡಾದರೆ ಚಕ್ರವೂ ಹೋಯಿತು. ಚಕ್ರವನ್ನು ಹೌಸಿಂಗೇ ಹೊರುವ, ಸಣ್ಣ ಲಾರಿಗಳ ಫುಲ್ ಫ್ಲೋಟಿಂಗ್ ಆಕ್ಸಲ್ಲಿಗೆ ಈ ಭಯವಿಲ್ಲ, ಆದರೆ ಅದರ ತೂಕಕ್ಕೆ ಮೇಲಿನ ಲೆಕ್ಕವೆಲ್ಲ ಬುಡಮೇಲಾಗುತ್ತದೆ. 102 ಕುದುರೆಶಕ್ತಿಗೆ ಇರುವುದೇ ಸಾಕು, ಶಾಫ್ಟನ್ನು ಪ್ರತಿ ಓಟದ ನಂತರ ಎಳೆದು ಸ್ಪ್ಲೈನ್ ತಿರುಚಿದೆಯೇ ನೋಡಿ.

ಜಾಯಿಂಟ್ ಶಾಫ್ಟು ಕೂರಿಸಿದ ಮೇಲೆ ಚಕ್ರ ಪೂರ್ತಿ ಇಳಿಸಿ ಕೈಯಿಂದ ಒಂದು ಸುತ್ತು ತಿರುಗಿಸಿ. ಜಾಯಿಂಟಿನ ಯೋಕ್‌ನ (ಕವಲಿನ) ಕಿವಿಗಳು ಎಲ್ಲಾದರೂ ತಾಗಿ ಟಕ್ ಅಂದರೆ ಅದೇ ಜಾಗ ಮೊದಲ ಹಾರಾಟದಲ್ಲಿ ಒಡೆಯುತ್ತದೆ. ಶಾಫ್ಟಿನ ಉದ್ದ ಹೊಂದಿಸುವ ಸ್ಲಿಪ್ ಸ್ಪ್ಲೈನ್ ಅತಿ ಉದ್ದವಾದಾಗಲೂ 50 ಮಿ.ಮೀ.ನಷ್ಟು ಒಳಗೆ ಸೇರಿಯೇ ಇರಬೇಕು, ಅತಿ ಗಿಡ್ಡವಾದಾಗಲೂ ಒಳಹೋಗಲು 15 ಮಿ.ಮೀ. ಜಾಗ ಉಳಿದಿರಬೇಕು. ಶಾಫ್ಟಿನ ಸುತ್ತ ಎರಡು ಕಬ್ಬಿಣದ ಬಳೆ ಹಾಕಿ. ಮುಂದಿನ ಜಾಯಿಂಟ್ ಕಳಚಿ ಶಾಫ್ಟಿನ ತುದಿ ನೆಲಕ್ಕೆ ನೆಟ್ಟರೆ ಇಡೀ ಗಾಡಿ ಗಣೆ ಹಾಕಿ ಎತ್ತಿದ ಹಾಗೆ ಏಳುತ್ತದೆ.

ಮುಂಭಾಗದಲ್ಲಿ ನಿಮಗೊಂದು ಅನುಕೂಲವಿದೆ. ಮುಂಚಕ್ರಕ್ಕೆ ಡ್ರೈವ್ ಶಾಫ್ಟ್ ಇಲ್ಲದ್ದರಿಂದ ಆರ್ಮು ಎಷ್ಟು ಬಾಗಬಹುದೆಂದು ಬಾಲ್ ಜಾಯಿಂಟ್ ಒಂದೇ ನಿರ್ಧರಿಸುತ್ತದೆ. ಇನ್ನೋವಾದ ನಕಲ್ (ಮುಂಚಕ್ರವನ್ನು ಹೊತ್ತು ತಿರುಗುವ ತುಂಡು), ಹಬ್, ಬ್ರೇಕ್ ಉಳಿಸಿಕೊಂಡು ಆರ್ಮುಗಳನ್ನು ಹೊಸದಾಗಿ ಕಟ್ಟಿ. ಕೆಳಗಿನ ಆರ್ಮು ಪಿವಟ್‌ನಿಂದ ಬಾಲ್ ಜಾಯಿಂಟ್‌ವರೆಗೆ 500 ಮಿ.ಮೀ. ಇದ್ದು, 185 ಮೇಲೆ, 115 ಕೆಳಗೆ ಹೋದರೆ ಆರ್ಮು ಮೇಲಕ್ಕೆ ಸುಮಾರು 22 ಡಿಗ್ರಿ, ಕೆಳಕ್ಕೆ 13 ಡಿಗ್ರಿ ತಿರುಗುತ್ತದೆ. ಬಾಲ್ ಜಾಯಿಂಟಿನ ಕಪ್ಪನ್ನು ಆರ್ಮಿಗೆ ನೇರವಾಗಿ ವೆಲ್ಡ್ ಮಾಡಿದರೆ ಒಂದು ಕಡೆ 22 ಡಿಗ್ರಿ ತಾಳಬೇಕು. ನಾಲ್ಕೂವರೆ ಡಿಗ್ರಿ ಓರೆಯಾಗಿ ಕೂರಿಸಿದರೆ ಎರಡೂ ಕಡೆ ಹದಿನೇಳೂವರೆಯಲ್ಲಿ ಮುಗಿಯುತ್ತದೆ. ಮೂಲ ಜಾಯಿಂಟನ್ನು ವೈಸಿಗೆ ಹಿಡಿದು ಎಷ್ಟು ಬಾಗುತ್ತದೆ ಅಳೆಯಿರಿ. ಸಾಲದಿದ್ದರೆ ಇನ್ನೂ ಹೆಚ್ಚು ಬಾಗುವ ಯೂನಿಬಾಲ್ ಬೇಕು.

ಮುಂಭಾಗದ ನಿಜವಾದ ಕಷ್ಟ ಬಂಪ್ ಸ್ಟಿಯರ್. ಚಕ್ರ ಮೇಲೆ ಹೋದಾಗ ಸ್ಟಿಯರಿಂಗ್ ಮುಟ್ಟದಿದ್ದರೂ ಟೈರು ಒಳಗೋ ಹೊರಗೋ ತಿರುಗುವ ರೋಗ ಇದು. ಟೈ ರಾಡಿನ ಒಳತುದಿ, ಮೇಲಿನ ಮತ್ತು ಕೆಳಗಿನ ಆರ್ಮುಗಳ ಒಳ ಪಿವಟ್‌ಗಳನ್ನು ಸೇರಿಸುವ ರೇಖೆಯ ಮೇಲೆ ಬರಬೇಕು. ಹೊರತುದಿ ಎರಡು ಬಾಲ್ ಜಾಯಿಂಟ್‌ಗಳನ್ನು ಸೇರಿಸುವ ರೇಖೆಯ ಮೇಲೆ. ನಕಲ್‌ನ ಸ್ಟಿಯರಿಂಗ್ ತೋಳು ಹೊರತುದಿಯನ್ನು ಆ ರೇಖೆಯ ಮೇಲೆ ಬಿಡುವುದಿಲ್ಲವಾದರೆ, ಟೈ ರಾಡಿನ ಉದ್ದ ಮತ್ತು ಓರೆ ಹೊಂದಿಸಿ ಅದೇ ಫಲ ತರಬೇಕು. ಇನ್ನೋವಾದ ರ್‍ಯಾಕ್ ನಿಮ್ಮ ಹೊಸ ಪಿವಟ್‌ಗಳ ಅಗಲಕ್ಕೆ ಹೊಂದದೇ ಇರಬಹುದು. ಮೊದಲು ರ್‍ಯಾಕಿನ ಒಳ ಜಾಯಿಂಟ್‌ಗಳ ಅಂತರ ಅಳೆದು, ಅದಕ್ಕೆ ತಕ್ಕಂತೆ ಆರ್ಮಿನ ಪಿವಟ್‌ಗಳ ಜಾಗ ನಿರ್ಧರಿಸುವುದು ಜಾಣತನ.

ಪರೀಕ್ಷೆ ಹೀಗೆ. ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಕಟ್ಟಿ, ಸ್ಪ್ರಿಂಗ್ ತೆಗೆದು, ಹಬ್ಬಿಗೆ 600 ಮಿ.ಮೀ. ಉದ್ದದ ನೇರ ಪ್ಲೈವುಡ್ ಹಲಗೆ ಬೋಲ್ಟ್ ಮಾಡಿ. ಹಲಗೆಯ ಎರಡು ತುದಿಯಿಂದಲೂ ತೂಗುಗುಂಡು ಇಳಿಬಿಟ್ಟು ನೆಲದ ಮಧ್ಯರೇಖೆಗೆ ದೂರ ಅಳೆಯಿರಿ. ಜಾಕಿಯಿಂದ 25 ಮಿ.ಮೀ. ಎತ್ತಿ ಮತ್ತೆ ಅಳೆದು ಬರೆಯಿರಿ. ಹೀಗೆ 300 ಮಿ.ಮೀ.ಗೂ ಹನ್ನೆರಡು ಸಲ. ಮುಂದಿನ ಮತ್ತು ಹಿಂದಿನ ಅಳತೆಯ ವ್ಯತ್ಯಾಸ ಪ್ರತಿ 100 ಮಿ.ಮೀ. ಚಲನೆಗೆ ಒಂದೂವರೆ ಮಿ.ಮೀ. ಒಳಗಿದ್ದರೆ ಓಡಿಸಬಹುದು. ಮೇಲೆ ಹೋದಾಗಲೂ ಕೆಳಗೆ ಹೋದಾಗಲೂ ಟೈರು ಒಂದೇ ಕಡೆಗೆ ತಿರುಗಿದರೆ ಟೈ ರಾಡಿನ ಉದ್ದ ಸರಿಯಿಲ್ಲ. ಮೇಲೆ ಒಂದು ಕಡೆ, ಕೆಳಗೆ ಇನ್ನೊಂದು ಕಡೆ ತಿರುಗಿದರೆ ಒಂದು ತುದಿಯ ಎತ್ತರ ತಪ್ಪಿದೆ. ಈ ಎರಡು ದಿನದ ಕೆಲಸವನ್ನು ಟ್ಯಾಕ್ (ಚುಕ್ಕೆ ಬೆಸುಗೆಯ) ಹಂತದಲ್ಲೇ ಮಾಡಿ, ಪೂರ್ತಿ ವೆಲ್ಡ್ ಆದಮೇಲೆ ಮಾಡಿದರೆ ತಪ್ಪು ಗೊತ್ತಾಗುತ್ತದೆ ಅಷ್ಟೇ. ಕ್ಯಾಸ್ಟರ್, ಅಂದರೆ ಎರಡು ಬಾಲ್ ಜಾಯಿಂಟ್‌ಗಳ ರೇಖೆ ಹಿಂದಕ್ಕೆ ವಾಲುವ ಕೋನ, 6ರಿಂದ 8 ಡಿಗ್ರಿ ಇರಲಿ.

ಈಗ ನಿಮ್ಮ ಶಾಕ್ ಪ್ರಶ್ನೆ. ಮಿನಿ ಲಾರಿಯದು ಸಾಲದು. ಅದರೊಳಗೆ ಎಣ್ಣೆ, ಗಾಳಿ ಎರಡೂ ಒಂದೇ ಕೋಣೆಯಲ್ಲಿರುತ್ತವೆ. ಗಿಟ್ಟಿ ಎದ್ದ ರಸ್ತೆಯಲ್ಲಿ ಹತ್ತು ನಿಮಿಷ ವೇಗವಾಗಿ ಓಡಿಸಿದರೆ ಎರಡೂ ಕಲಸಿ ನೊರೆಯಾಗುತ್ತದೆ, ನೊರೆ ತಡೆಯುವುದಿಲ್ಲ, ಗಾಡಿ ಚೆಂಡಿನಂತೆ ಪುಟಿಯತೊಡಗುತ್ತದೆ. ಸ್ಟ್ರೋಕೂ ಸಾಲದು. ನೈಟ್ರೋಜನ್ ತುಂಬಿದ ಪ್ರತ್ಯೇಕ ರಿಸರ್ವಾಯರ್ ಇರುವ, ಬಿಚ್ಚಿ ಒಳಗಿನ ಶಿಮ್ (ಎಣ್ಣೆಗೆ ತಡೆ ಕೊಡುವ ತೆಳು ಬಿಲ್ಲೆ) ಬದಲಿಸಬಹುದಾದ, ಎರಡೂವರೆ ಇಂಚು ವ್ಯಾಸದ ಮೋನೋಟ್ಯೂಬ್ (ಒಂದೇ ಕೊಳವೆಯ) ಶಾಕ್ ಬೇಕು. ಆಮದು ಸಾಮಾನು, ಸುಂಕ ಸೇರಿ ಬೆಲೆ ಎದೆ ಒಡೆಯುವಂಥದ್ದು. ಆದರೂ ಒಟ್ಟು ಬಜೆಟ್ಟಿನ ಕಾಲು ಭಾಗವನ್ನು ಇದಕ್ಕೇ ಎತ್ತಿಡಿ, ಎಂಜಿನ್‌ಗೆ ದೊಡ್ಡ ಟರ್ಬೋ ಹಾಕುವ ಯೋಚನೆಯನ್ನು ಮುಂದೂಡಿ. ಹಣ ಸಾಲದಿದ್ದರೆ ಚಲನೆಯನ್ನು 250 ಮಿ.ಮೀ.ಗೆ ಇಳಿಸಿ ಒಳ್ಳೆಯ ಸಣ್ಣ ಶಾಕ್ ಹಾಕಿ. ಕೆಟ್ಟ ಶಾಕಿಗೆ ಉದ್ದ ಚಲನೆ ಕೊಟ್ಟರೆ ಅಪಾಯವೇ ಉದ್ದವಾಗುತ್ತದೆ. ಶಾಕ್ ಪೂರ್ತಿ ಬಿಚ್ಚಿಕೊಳ್ಳುವ 10 ಮಿ.ಮೀ. ಮೊದಲೇ ಚಕ್ರವನ್ನು ನೈಲಾನ್ ಲಿಮಿಟ್ ಪಟ್ಟಿ ಹಿಡಿಯಬೇಕು. ಆ ಪಟ್ಟಿ ಅಡಿಗೆ ಸುಮಾರು ಒಂದು ಇಂಚು ಹಿಗ್ಗುತ್ತದೆ, ಅಷ್ಟು ಗಿಡ್ಡವಾಗಿಯೇ ತೆಗೆದುಕೊಳ್ಳಿ. ಮೇಲಿನ ಕೊನೆಯ 75 ಮಿ.ಮೀ.ಗೆ ಬಡಿತ ತಡೆಯುವ ಬಂಪ್ ಸ್ಟಾಪ್.

ಚಕ್ರಗಳು ತಮ್ಮ ಪೂರ್ತಿ ಚಲನೆಯಲ್ಲಿ ಓಡಾಡಿದ ಮೇಲೆ ಪೈಪಿಗೆ ಕೈ ಹಾಕಿ. ಎಫ್‌ಐಎ (ಮೋಟಾರ್ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದ ಪ್ರಕಾರ ಮುಖ್ಯ ಕಮಾನು, ಅಂದರೆ ಸೀಟಿನ ಹಿಂದಿನ ಮೇನ್ ಹೂಪ್, 45×2.5 ಅಥವಾ 50×2.0 ಮಿ.ಮೀ. ಉಳಿದವು 38×2.5 ಅಥವಾ 40×2.0. ಕೋಲ್ಡ್ ಡ್ರಾನ್ ಸೀಮ್‌ಲೆಸ್ ಕಾರ್ಬನ್ ಸ್ಟೀಲ್, ಎಳೆತದ ಬಲ ಚದರ ಮಿ.ಮೀ.ಗೆ ಕನಿಷ್ಠ 350 ನ್ಯೂಟನ್. ಪೈಪಿನ ಜೊತೆ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಹಾರ್ಡ್‌ವೇರ್ ಅಂಗಡಿಯ ಸಿ-ಕ್ಲಾಸ್ ಜಿಐ ನೀರಿನ ಪೈಪು ದಪ್ಪವಿದೆ, ಅಗ್ಗವೂ ಇದೆ, ಆದರೂ ಬೇಡ. ಬಾಗಿಸಿದಾಗ ಜೋಡು ಸೀಳುತ್ತದೆ, ವೆಲ್ಡ್ ಮಾಡುವಾಗ ಸತುವಿನ ಹೊಗೆ ಎದೆಗಿಳಿಯುತ್ತದೆ. ಕ್ರೋಮೋಲಿ ಉಕ್ಕೂ ಬೇಡ, ಅದಕ್ಕೆ ಟಿಗ್ ವೆಲ್ಡಿಂಗೂ ಹೆಚ್ಚಿನ ಎಚ್ಚರಿಕೆಯೂ ಬೇಕು.

ಈ ಗಾತ್ರದ ಟ್ರಕ್ಕಿಗೆ 45×2.5 ಪೈಪು 25 ಮೀಟರ್, ಮೀಟರಿಗೆ 2.6 ಕೆಜಿಯಂತೆ 65 ಕೆಜಿ, 38×2.5 ಪೈಪು 40 ಮೀಟರ್, 2.2 ಕೆಜಿಯಂತೆ 88 ಕೆಜಿ. ಕಿವಿಗಳಿಗೆ, ಜೋಡಿನ ಮೂಲೆಗೆ ಬಲ ಕೊಡುವ ಗಸೆಟ್‌ಗಳಿಗೆ 5 ಮಿ.ಮೀ. ಪ್ಲೇಟು 25 ಕೆಜಿ. ಶೇ 15 ಹೆಚ್ಚಿಗೆ ತನ್ನಿ, ಮೊದಲ ಮೂರು ಬೆಂಡು ಹಾಳಾಗುವುದು ಇದ್ದದ್ದೇ. ಕಿವಿಗಳನ್ನು ಗ್ರೈಂಡರಿನಲ್ಲಿ ಕೊರೆಯುತ್ತ ಕೂರಬೇಡಿ, ಪೀಣ್ಯದಲ್ಲಿ ಲೇಸರ್ ಕಟ್ ಮಾಡಿಸಿದರೆ ಎಲ್ಲ ತೂತುಗಳೂ ಒಂದೇ ಅಳತೆಗೆ ಬರುತ್ತವೆ.

ಬೆಂಡಿನ ತ್ರಿಜ್ಯ ಪೈಪಿನ ವ್ಯಾಸದ ಮೂರರಷ್ಟಾದರೂ ಇರಬೇಕು: 45ಕ್ಕೆ 135 ಮಿ.ಮೀ. ಬಾಗಿದಲ್ಲಿ ಚಪ್ಪಟೆಯಾದರೆ ಕಿರಿ ವ್ಯಾಸ ಹಿರಿ ವ್ಯಾಸದ 0.9ಕ್ಕಿಂತ ಕಡಿಮೆಯಾಗಬಾರದು. ಪ್ಲಂಬರ್‌ಗಳ ಹೈಡ್ರಾಲಿಕ್ ಬೆಂಡರ್ ಪೈಪನ್ನು ನಡುವೆ ಒತ್ತಿ ಸೊಟ್ಟ ಮಾಡುತ್ತದೆ, ಅದರಲ್ಲಿ ಈ ಲೆಕ್ಕ ಬರುವುದೇ ಇಲ್ಲ. ರೋಟರಿ ಡ್ರಾ ಬೆಂಡರ್ ಇರುವವರ ಹತ್ತಿರ ಬಾಗಿಸಿ. ಚಾಸಿಯ ಯಾವ ಬದಿ ನೋಡಿದರೂ ಚೌಕ ಕಂಡಲ್ಲೆಲ್ಲ ಓರೆ ಪೈಪು ಹಾಕಿ ತ್ರಿಕೋನ ಮಾಡಿ, ಶಾಕಿನ ಮೇಲಿನ ಬೋಲ್ಟ್ ಬರುವಲ್ಲಿ ಕನಿಷ್ಠ ಮೂರು ಪೈಪು ಸೇರಲಿ. ಒಂದು ಪೈಪಿನ ನಟ್ಟನಡುವೆ ಶಾಕ್ ನಿಲ್ಲಿಸಿದರೆ ಮೊದಲ ಹಾರಾಟಕ್ಕೇ ಅದು ಬಿಲ್ಲು.

ಪೈಪಿನ ತುದಿಯನ್ನು ಇನ್ನೊಂದರ ದುಂಡಿಗೆ ಕೂರುವಂತೆ ಕೊರೆಯಬೇಕು. ಸಂದು 1 ಮಿ.ಮೀ. ದಾಟಿದರೆ ತುಂಬಲು ಹೋಗದೆ ಹೊಸ ತುಂಡು ಕತ್ತರಿಸಿ. 0.8 ಮಿ.ಮೀ. ತಂತಿ, ಆರ್ಗಾನ್ ಮಿಶ್ರ ಅನಿಲ, ಸುಮಾರು 110 ಆಂಪ್‌ನಿಂದ ಶುರುಮಾಡಿ. ಬೆಂಡಿನ ಚೂರುಗಳನ್ನೇ ಬೆಸೆದು ಗರಗಸದಲ್ಲಿ ಸೀಳಿ ನೋಡಿ: ಬೆಸುಗೆ ಒಳಗೋಡೆಯವರೆಗೆ ಇಳಿದಿದ್ದರೆ ಸರಿ, ಮೇಲೆ ಮೇಣದಂತೆ ಕೂತಿದ್ದರೆ ಆಂಪ್ ಏರಿಸಿ. ಇಡೀ ಚಾಸಿ ಟ್ಯಾಕ್ ಆಗುವವರೆಗೆ ಒಂದೂ ಜೋಡನ್ನು ಪೂರ್ತಿ ಬೆಸೆಯಬೇಡಿ. ಆಮೇಲೆ ಎಡಕ್ಕೊಂದು, ಬಲಕ್ಕೊಂದು, ಮುಂದೊಂದು, ಹಿಂದೊಂದು. ಬೆಸುಗೆಯನ್ನು ಗ್ರೈಂಡ್ ಮಾಡಿ ನುಣುಪು ಮಾಡುವುದು ಗೇಟಿಗೆ ಚೆಂದ, ಕೇಜ್‌ಗೆ ಅಲ್ಲ. ಹೆಚ್ಚಿನ ಸ್ಕ್ರೂಟಿನಿಯರ್‌ಗಳು ಅದನ್ನು ನೋಡಿದ ಕೂಡಲೇ ಅನುಮಾನ ಪಡುತ್ತಾರೆ.

ಎಂಜಿನ್ ಮುಂದಿನ ಆಕ್ಸಲ್ ರೇಖೆಯ ಹಿಂದಕ್ಕೆ ಬರುವಷ್ಟು ಒಳಗೆ ಸರಿಸಿ. ಮೂತಿ ಭಾರವಾದರೆ ಹಾರಿದಾಗ ಮೂತಿಯೇ ಮೊದಲು ಬೀಳುತ್ತದೆ. ಇಸಿಯು (ಎಂಜಿನ್ನಿನ ಕಂಪ್ಯೂಟರ್), ಕೀ, ಇಮೊಬಿಲೈಸರ್ (ಕಳವು ತಡೆಯುವ ಸಾಧನ), ಪೂರ್ತಿ ವೈರಿಂಗ್ ಒಂದೇ ಗಾಡಿಯದು ಇರಲಿ, ಬೇಡದ ತಂತಿಯನ್ನು ಎಂಜಿನ್ ಸ್ಟಾರ್ಟ್ ಆದ ಮೇಲೆ ಒಂದೊಂದಾಗಿ ತೆಗೆಯಿರಿ. ಮೇನ್ ಕಟ್-ಆಫ್ ಸ್ವಿಚ್ಚಿನಲ್ಲಿ ಜನ ಎಡವುತ್ತಾರೆ: ಬ್ಯಾಟರಿ ಮಾತ್ರ ಕಡಿಯುವ ಸಾದಾ ಸ್ವಿಚ್ ಹಾಕಿದರೆ ಆಲ್ಟರ್ನೇಟರ್ ಕರೆಂಟಿನಲ್ಲೇ ಎಂಜಿನ್ ಓಡುತ್ತಿರುತ್ತದೆ. ಇಸಿಯುವಿಗೆ ಹೋಗುವ ಇಗ್ನಿಷನ್ ತಂತಿಯನ್ನೂ ಕಡಿದು, ಆಲ್ಟರ್ನೇಟರನ್ನು ರೆಸಿಸ್ಟರ್ ಮೂಲಕ ಅರ್ತ್ ಮಾಡುವ ಆರು ಕಾಲಿನ ರೇಸ್ ಸ್ವಿಚ್ ಬೇಕು. ರೇಡಿಯೇಟರನ್ನು ಕೆಸರು ಬಡಿಯದ ಹಾಗೆ ಹಿಂದೆ ಎತ್ತರದಲ್ಲಿಟ್ಟು ಎರಡು ಫ್ಯಾನ್ ಹಾಕಿ. ಏರ್ ಫಿಲ್ಟರಿಗೆ ಮುಂಚೆ ಟ್ರ್ಯಾಕ್ಟರಿನ ಸೈಕ್ಲೋನ್ ಪ್ರಿ-ಕ್ಲೀನರ್ ಕೂರಿಸಿ, ಇಲ್ಲಿ ಟ್ರ್ಯಾಕ್ಟರಿನ ಸಾಮಾನೇ ಸರಿ. ಧೂಳು ಒಳಗೆ ಹೋಗುವುದು ಬಹುತೇಕ ಫಿಲ್ಟರಿನಿಂದಲ್ಲ, ಫಿಲ್ಟರ್ ದಾಟಿದ ಮೇಲಿನ ಹೋಸಿನ ಜೋಡಿನಿಂದ. ಪ್ರತಿ ಓಟದ ನಂತರ ಹೋಸ್ ಕಳಚಿ ಒಳಗೆ ಬಿಳಿ ಬಟ್ಟೆ ಆಡಿಸಿ. ಕೆಂಪಾದರೆ ಟರ್ಬೋಗೆ ನಮ್ಮ ಮಣ್ಣಿನ ರುಚಿ ಹತ್ತಿದೆ ಎಂದರ್ಥ.

ಬ್ರೇಕಿಗೆ ಎರಡು ಮಾಸ್ಟರ್ ಸಿಲಿಂಡರ್, ನಡುವೆ ಬ್ಯಾಲೆನ್ಸ್ ಬಾರ್. ಹಿಂದಿನ ಡ್ರಮ್ಮಿನೊಳಗೆ ಕೆಸರು ತುಂಬಿಕೊಳ್ಳುವುದರಿಂದ ಡಿಸ್ಕ್ ಆದರೆ ಒಳ್ಳೆಯದು. ಹೋಸಿನ ಉದ್ದವನ್ನು ಚಕ್ರ ಪೂರ್ತಿ ಇಳಿಸಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನೋಡಿ. ಸೀಟು ಎಫ್‌ಐಎ 8855-1999, ಬೆಲ್ಟ್ 8853-2016, ಟ್ಯಾಂಕ್ ಎಫ್‌ಟಿ3-1999 ಗುರುತಿನವು ಇರಲಿ. ಸೀಟು ಮತ್ತು ಟ್ಯಾಂಕಿಗೆ ತಯಾರಾದ ದಿನದಿಂದ ಐದು ವರ್ಷದ ಆಯಸ್ಸು, ಹಳೆಯದು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮುನ್ನ ಸ್ಟಿಕ್ಕರ್ ಓದಿ. ಭುಜದ ಬೆಲ್ಟು ಹಿಂದಕ್ಕೆ ಸಮತಟ್ಟಾಗಿ ಅಥವಾ 20 ಡಿಗ್ರಿಯೊಳಗೆ ಇಳಿಯಬೇಕು. ನೆಲಕ್ಕೆ ಕಟ್ಟಿದರೆ ಅಪಘಾತದಲ್ಲಿ ಬೆನ್ನೆಲುಬನ್ನೇ ಕೆಳಕ್ಕೆ ಜಗ್ಗುತ್ತದೆ. ಹೆಲ್ಮೆಟ್ ಹಾಕಿ ಕೂತಾಗ ತಲೆಗೂ ಪೈಪಿಗೂ 75 ಮಿ.ಮೀ. ಬಿಟ್ಟಿರಿ.

ಮೊದಲ ಓಟ ತೋಟದ ರಸ್ತೆಯಲ್ಲಿ 10 ಕಿಲೋಮೀಟರ್, ಎರಡನೇ ಗೇರಿನಲ್ಲಿ. ಅದಕ್ಕೆ ಮೊದಲು ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಪೇಂಟಿನಿಂದ ಗೆರೆ ಎಳೆದಿರಬೇಕು, ಗೆರೆ ತಪ್ಪಿದ್ದರೆ ನಟ್ಟು ತಿರುಗಿದೆ. ಪೇಂಟ್ ಹೊಡೆದ ಚಾಸಿಯಲ್ಲಿ ಬೆಸುಗೆಯ ಪಕ್ಕ ಕೂದಲೆಳೆಯ ತುಕ್ಕು ಗೆರೆ ಕಂಡರೆ ಅದು ಬಿರುಕು. ಮೊದಲ ಬಾರಿಗೆ ತಿಳಿ ಬಣ್ಣ ಹೊಡೆಯಿರಿ, ಕಪ್ಪಿನಲ್ಲಿ ಅದು ಕಾಣುವುದಿಲ್ಲ. ಆಮೇಲೆ 50 ಕಿಲೋಮೀಟರ್, ಮತ್ತೆ ತಪಾಸಣೆ.

ಶಾಕ್ ಹೊಂದಿಸಲು ಒಂದೇ ಉಬ್ಬನ್ನು ಆರಿಸಿಕೊಂಡು 30, 40, 50 ಕಿಲೋಮೀಟರ್ ವೇಗದಲ್ಲಿ ದಾಟಿ, ಪಕ್ಕದಿಂದ ಫೋನಿನಲ್ಲಿ ನಿಧಾನಗತಿಯ ವಿಡಿಯೋ ಮಾಡಿಸಿ. ಹಿಂಭಾಗ ಒದ್ದು ಮೇಲೇಳುತ್ತಿದ್ದರೆ ಎಲ್ಲರೂ ಸ್ಪ್ರಿಂಗ್ ಮೆತ್ತಗೆ ಮಾಡಲು ಓಡುತ್ತಾರೆ. ಮೊದಲು ಶಾಕಿನ ರಾಡಿಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿ, ಅದು ಎಲ್ಲಿಯವರೆಗೆ ತಳ್ಳಿಕೊಂಡು ಹೋಗಿದೆ ನೋಡಿ. ಕೊನೆಯವರೆಗೆ ಹೋಗಿದ್ದರೆ ಗಾಡಿ ಬಂಪ್ ಸ್ಟಾಪಿಗೆ ಬಡಿದು ಏಳುತ್ತಿದೆ, ಅಮುಕುವ ಕಡೆಯ ತಡೆ ಹೆಚ್ಚಿಸಬೇಕು. ಅರ್ಧದಲ್ಲೇ ನಿಂತಿದ್ದರೆ ಸ್ಪ್ರಿಂಗ್ ಬೇಗ ವಾಪಸ್ ಬಿಚ್ಚಿಕೊಳ್ಳುತ್ತಿದೆ, ಬಿಚ್ಚುವ ಕಡೆಯ ತಡೆ ಹೆಚ್ಚಿಸಬೇಕು. ಆದರೆ ಅದನ್ನು ಅತಿ ಮಾಡಿದರೆ ಸಾಲು ಉಬ್ಬುಗಳಲ್ಲಿ ಚಕ್ರಕ್ಕೆ ಇಳಿಯಲು ಸಮಯ ಸಿಗದೆ ಗಾಡಿ ಉಬ್ಬಿನಿಂದ ಉಬ್ಬಿಗೆ ಕುಗ್ಗುತ್ತ ಹೋಗಿ ನಾಲ್ಕನೆಯದಕ್ಕೆ ತಳ ಬಡಿಯುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಪುಸ್ತಕದಲ್ಲಿ ಬರೆದು, ಅದೇ ಉಬ್ಬಿಗೆ ಮತ್ತೆ ಹೋಗಿ.